ಹೋಗುವಾಗ ಎಡ, ಬರುವಾಗ ಬಲ

ಮಾಟುಂಗಾ ಸ್ಟೇಷನ್ನಿನ ಮೆಟ್ಟಿಲ ಕೆಳಗೆ
ಎರಡು ಕುರ್ಚಿ, ಒಂದು ಫ್ಯಾನು, ಒಂದು ಕಂಪ್ಯೂಟರು.
ಧನಸುಖಭಾಯಿಯ ಟಿಕೆಟ್ ಅಂಗಡಿಗೆ
ಕಿಟಕಿಯಿಲ್ಲ.
ಅಲ್ಲೇ ಕೂತು ಹತ್ತೊಂಬತ್ತು ವರ್ಷದಿಂದ
ಜನರಿಗೆ ಕಿಟಕಿ ಹಂಚುತ್ತಿದ್ದೇನೆ.

ಕಾಠ್ಮಂಡುವಿಗೋ? ಎಡಕ್ಕೆ ಕೂರಿ.
ಬಾಗ್‌ಡೋಗ್ರಾ? ಅದಕ್ಕೂ ಎಡವೇ, ‘ಎ’ ಅಂತ ಬರೆದಿರುತ್ತದೆ.
ಬರುವಾಗ ಬಲ. ಮರೆತಿರೋ,
ಉದ್ದಕ್ಕೂ ಬಿಹಾರದ ಬಯಲು ನೋಡುತ್ತ ಬರುತ್ತೀರಿ;
ಅದೂ ಚೆಂದವೇ,
ಆದರೆ ನೀವು ದುಡ್ಡು ಕೊಟ್ಟದ್ದು ಅದಕ್ಕಲ್ಲ.
ಬೆಳಗಿನ ವಿಮಾನ ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ
ಬೆಟ್ಟ ಮುಸುಕೆಳೆದುಕೊಳ್ಳುತ್ತದೆ.
ನಡುವಿನ ಸಾಲು ಬೇಡವೇ ಬೇಡ, ರೆಕ್ಕೆ ಅಡ್ಡ.

“ನೀವು ಹೋಗಿದ್ದೀರಾ?” ಎಂದು ಯಾರಾದರೂ ಕೇಳಿದರೆ
ಪ್ರಿಂಟರಿನ ಕಡೆ ತಿರುಗುತ್ತೇನೆ.
ಪುಣ್ಯಕ್ಕೆ ಅದು ಸದಾ
ಒಂದು ಕಾಗದ ಕಚ್ಚಿಕೊಂಡೇ ಇರುತ್ತದೆ.

ನನ್ನ ಹಿಮಾಲಯವೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ.
ಹೋಗಿಬಂದವರ ಬಾಯಿಂದ ಬಿದ್ದದ್ದು,
ಧನಸುಖಭಾಯಿಗೆ ಓದಲು ಬಾರದ ಕನ್ನಡದಲ್ಲಿ:

ದೇಢಿಯಾ, ಸಾಲು ಇಪ್ಪತ್ತೆರಡು, ನವೆಂಬರ್. ಉದ್ದಕ್ಕೂ ಕಂಡಿತು.
ಎಷ್ಟು ಉದ್ದ, ಎಂದೆ.
ಒಂದು ಸ್ಯಾಂಡ್‌ವಿಚ್ ತಿಂದು ಮುಗಿಯುವಷ್ಟು.
ಹೊಸ ಜೋಡಿ, ಸಾಲು ನಾಲ್ಕು. ಇಬ್ಬರಿಗೂ ನಿದ್ದೆ.
ಸಾಲು ಹನ್ನೊಂದು: ಕಿಟಕಿ ಸೀಟು, ಆದರೆ ಕಿಟಕಿಯ ಜಾಗದಲ್ಲಿ
ಪ್ಲಾಸ್ಟಿಕ್ ಗೋಡೆ. ಇನ್ನು ಯಾರಿಗೂ ಕೊಡಕೂಡದು.
ಜುಲೈನಲ್ಲಿ ಹೋದ ವಕೀಲ ಗೋಠೋಸ್ಕರ್
ಮೇಜು ಗುದ್ದಿ ಕೇಳಿದರು: ಬರೀ ಮೋಡ! ಎಲ್ಲಿ ನಿಮ್ಮ ಬೆಟ್ಟ?
ಇತ್ತು ಸಾರ್, ಎಂದೆ.
ನೀವು ಹೋದಾಗಲೂ ಇತ್ತು.

ಆಮೇಲೆ ಟಿಪ್ನೀಸ್ ಬಾಯಿ.
ಮೂವತ್ತೊಂದು ವರ್ಷ ದಾದರಿನ ಶಾಲೆಯಲ್ಲಿ ಭೂಗೋಳ;
ಕರಿಹಲಗೆಯ ನೆತ್ತಿಗೆ ಪ್ರತಿ ಜೂನಿನಲ್ಲೂ
ಕಂದು ಚಾಕಿನಿಂದ ಬೆಟ್ಟಸಾಲು ಎಳೆದು
ಮೇಲೆ ಬಿಳಿ ಉಜ್ಜಿದವರು, ಒಮ್ಮೆಯೂ ಕಾಣದೆ.
ಅವರಿಗೆಂದೇ ಹುಡುಕಿದೆ: ಸಾಲು ಇಪ್ಪತ್ತೈದು, ಎ,
ಮಾರ್ಚ್ ಮೊದಲ ವಾರ, ಬೆಳಗಿನದು.
ಇದಕ್ಕಿಂತ ಒಳ್ಳೆಯ ಕಿಟಕಿ ನಾನು ಯಾರಿಗೂ ಕೊಟ್ಟಿಲ್ಲ.

ಬಂದರು. ಪೇಡೆ ತಂದರು. ಕಂಡಿತೇ ಬಾಯಿ?
ಪಕ್ಕದಲ್ಲೊಂದು ಮಗು, ಕಿವಿನೋವು, ಒಂದೇ ಸಮ ಅಳು.
ಎತ್ತಿ ನನ್ನ ಜಾಗದಲ್ಲಿ ಕೂರಿಸಿದೆ,
ಅಂದರು.
ಅಂದರೆ ನೀವು ನೋಡಲೇ ಇಲ್ಲ?
ನೋಡಿದೆನಲ್ಲ. ಅದರ ಕಿವಿಗೂ ಕಿಟಕಿಯ ಅಂಚಿಗೂ ನಡುವೆ
ಇಷ್ಟೇ ಇಷ್ಟು.
ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದರು,
ಚಾಕಿನ ಕೊನೆಯ ತುಂಡು ಹಿಡಿದ ಹಾಗೆ.

ಅದನ್ನು ಬರೆದುಕೊಳ್ಳಲು ನನಗೆ ಸಾಲು ಸಾಲಲಿಲ್ಲ.

ಮರುದಿನ ಡೊಂಬಿವಲಿಯಿಂದ ಅದೇ ಸ್ಲೋ ಗಾಡಿ.
ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸಿಗುವುದು ಪೂರ್ವಜನ್ಮದ ಫಲ,
ನನಗೆ ನಾಲ್ಕನೆಯ ಸೀಟಿನ ಅರ್ಧ,
ಅದೂ ಹೆಚ್ಚಿನ ದಿನ ಇಲ್ಲ.
ನೇತುಬಿದ್ದ ಹಿಡಿಯ ಕೆಳಗೆ, ಇಬ್ಬರ ಜಡೆಗಳ ನಡುವಿಂದ
ದಿವಾ ದಾಟಿದ ಮೇಲೆ ಸುಮ್ಮನೆ ಬಗ್ಗಿದೆ.
ಮುಂಬ್ರಾದ ಬೆಟ್ಟ.
ಕರಿಬಂಡೆ, ಒಣಹುಲ್ಲು, ಎತ್ತರದಲ್ಲಿ ದೇವಿಯ ಗುಡಿ,
ಅಲ್ಲಿಗೆ ಏರುವ ಮೆಟ್ಟಿಲು, ಯಾರೋ ಒಣಹಾಕಿದ ಕೆಂಪು ಚಾದರ.
ಎಡಕ್ಕೇ ಇತ್ತು.
ದೂರದೂರಿನ ಮೇಲ್ ಗಾಡಿಗಳು ಇದೇ ಬೆಟ್ಟದ
ಹೊಟ್ಟೆಯೊಳಗೆ ಹಾದುಹೋಗುತ್ತವೆ,
ಬೆಟ್ಟ ಕಾಣದೆ.

ಅಂಗಡಿ ತೆರೆದು ಮೊದಲು ಬರೆದೆ:
ಸ್ಲೋ, ಸೆಕೆಂಡ್ ಕ್ಲಾಸ್, ಸಾಲು ಇಲ್ಲ, ನಿಂತೇ.
ಒಂದು ನಿಮಿಷ ಇರಬಹುದು.

ಬರುವಾಗ ಬಲ.
ಆದರೆ ಬರುವಾಗ ಕತ್ತಲೆ,
ಮಡಿಲಲ್ಲಿ ಪೇಪರು ಹಾಸಿ ಗೋರಿಕಾಯಿ ಮುರಿಯುತ್ತ
ತಲೆ ಎತ್ತುವುದಿಲ್ಲ ನಾನು.
ಗಾಡಿ ಬಾಗುವುದು ಸೊಂಟಕ್ಕೆ ಗೊತ್ತಾಗುತ್ತದೆ:
ಈಗ ಪಕ್ಕದಲ್ಲೇ.